ಕಂಡುಬರುತ್ತದೆ – ಯಾರಿಗೆ?

ಕನ್ನಡದ ಸಂಶೋಧನ ಗ್ರಂಥಗಳನ್ನು ಓದುವ ಅಭ್ಯಾಸವಿರುವವರಿಗೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿರುತ್ತದೆ. ಅದು 'ಕಂಡುಬರುತ್ತದೆ' ಎಂಬ ಮಾತು. ಶಾಸನದಲ್ಲಿ ಕಂಡುಬರುತ್ತದೆ, ಸೋಬಾನೆ ಪದದಲ್ಲಿ ಕಂಡುಬರುತ್ತದೆ, ಗ್ರಾಮೀಣ ಮಹಿಳೆಯರಲ್ಲಿ ಕಂಡುಬರುತ್ತದೆ. ಅದರ ಒಡಹುಟ್ಟಿದವು ಇನ್ನೂ ಮೂರ್ನಾಲ್ಕಿವೆ: 'ಗುರುತಿಸಲಾಗಿದೆ', 'ವಿಶ್ಲೇಷಿಸಲಾಗಿದೆ', 'ಎನ್ನಬಹುದಾಗಿದೆ', 'ಎಂದರೆ ತಪ್ಪಾಗಲಾರದು'. ಮುನ್ನೂರು ಪುಟದ ಮಹಾಪ್ರಬಂಧವನ್ನು ಓದಿ ಮುಗಿಸಿ ಕೆಳಗಿಟ್ಟ ಮೇಲೂ ಕಂಡವರು ಯಾರು, ಎಲ್ಲಿ ನಿಂತು ಕಂಡರು, ಎಷ್ಟು ಕಂಡರು ಎಂಬುದು ನಮಗೆ ತಿಳಿದಿರುವುದಿಲ್ಲ. ಕಾಣುವವರಿಲ್ಲದೆ ಎಲ್ಲವೂ ತಾನಾಗಿಯೇ ಕಂಡುಬಂದಿರುತ್ತದೆ.

ಇದು ಪಂಡಿತರ ಮನೆಯ ವಿಚಾರ, ಹೊಳಲ್ಕೆರೆಯಂಥ ತಾಲ್ಲೂಕು ಊರಿನಲ್ಲಿ ಸಂಸಾರ ನಡೆಸುವ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮಗೆ ಬೇಕಾಗಿಯೇ ಇದೆ. ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಎಂ.ಎ. ಓದಿ ಬಂದ ಹೆಣ್ಣುಮಕ್ಕಳು ಈಗ ನಮ್ಮ ಬೀದಿಬೀದಿಯಲ್ಲಿ ಇದ್ದಾರೆ. ಅವರಲ್ಲಿ ಕೆಲವರು ಮದುವೆಯಾಗಿ, ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚುತ್ತಾರೆ. ರಾತ್ರಿ ಅಡಿಗೆಮನೆಯ ದೀಪ ಆರಿಸಿ ಬಂದ ನಂತರ ಅವರ ಸಂಶೋಧನೆ ಶುರುವಾಗುತ್ತದೆ. ಇದು ಒಂದು ಕಾರಣ. ಇನ್ನೊಂದು ಇದಕ್ಕಿಂತ ದೊಡ್ಡದು. ಇವತ್ತು ಎಷ್ಟೋ ಸಂಶೋಧನೆಗಳ ವಸ್ತು ನಾವೇ. ನಮ್ಮ ಹಾಡು, ನಮ್ಮ ಹೆರಿಗೆ, ನಮ್ಮ ದುಡಿಮೆ, ನಮ್ಮ ರಕ್ತ. ನಮ್ಮ ವಿಷಯವಾಗಿ ಬರೆದದ್ದು ನಮಗೇ ಅರ್ಥವಾಗದಿದ್ದರೆ, ಅದು ಸರಿಯೋ ತಪ್ಪೋ ಎಂದು ಹೇಳುವವರು ಯಾರು?

ಕನ್ನಡ ತಿದ್ದಿಕೊಡಿ ಎಂದು ನನ್ನ ಬಳಿಗೆ ಆಗಾಗ ಇಂಥ ಪ್ರಬಂಧಗಳು ಬರುತ್ತವೆ. ಒಮ್ಮೆ ಒಬ್ಬ ಹುಡುಗಿ ತಂದ ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: 'ನಾನು ಹನ್ನೆರಡು ಹಳ್ಳಿಗಳನ್ನು ತಿರುಗಿ, ಹಾಡು ಬಲ್ಲ ನಲವತ್ತು ಹೆಂಗಸರನ್ನು ಮಾತಾಡಿಸಿದೆ. ಅವರಲ್ಲಿ ಒಂಬತ್ತು ಜನ ಹಾಡಲು ಒಪ್ಪಲಿಲ್ಲ.' ಅದರ ಮೇಲೆ ಕೆಂಪು ಗೆರೆ ಎಳೆದಿತ್ತು. ಅಂಚಿನಲ್ಲಿ ಮಾರ್ಗದರ್ಶಕರ ಕೈಬರಹದ ತಿದ್ದುಪಡಿ: 'ಪ್ರಸ್ತುತ ಅಧ್ಯಯನದಲ್ಲಿ ವ್ಯಾಪಕ ಕ್ಷೇತ್ರಕಾರ್ಯವನ್ನು ಕೈಗೊಳ್ಳಲಾಗಿದೆ.' ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನೇನು ಹೋಯಿತೆಂದು ಗೊತ್ತಾಗುತ್ತದೆ. ಹನ್ನೆರಡು ಹೋಯಿತು, ನಲವತ್ತು ಹೋಯಿತು, ಹಾಡಲು ಒಪ್ಪದಿದ್ದ ಒಂಬತ್ತು ಜನರಂತೂ ಹೇಳಹೆಸರಿಲ್ಲದೆ ಹೋದರು. ಬಿಸಿಲಿನಲ್ಲಿ ತಿರುಗಿದವಳೂ ಹೋದಳು. ಬಂದದ್ದು 'ವ್ಯಾಪಕ' ಎಂಬ ಒಂದು ವಿಶೇಷಣ. ಹನ್ನೆರಡು ಹಳ್ಳಿ ವ್ಯಾಪಕವೋ ಅಲ್ಲವೋ ಎಂದು ತೀರ್ಮಾನಿಸುವುದು ಓದುವವರ ಹಕ್ಕಾಗಿತ್ತು. ಆ ಹಕ್ಕನ್ನೂ ಆ ಒಂದು ಪದ ಕಿತ್ತುಕೊಂಡಿತು.

ಆ ಮಾರ್ಗದರ್ಶಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. 'ನಾನು' ಎನ್ನುವುದು ಅಹಂಕಾರ, ಸಂಶೋಧಕ ತನ್ನನ್ನು ಮುಂದೆ ಮಾಡಬಾರದು ಎಂಬ ವಿನಯದಿಂದಲೇ ಅವರು ತಿದ್ದಿರಬೇಕು. ವಿನಯ ಒಳ್ಳೆಯದೇ. ಆದರೆ ಹೊಣೆಯಿಂದ ಜಾರಿಕೊಳ್ಳುವ ವಿನಯದಿಂದ ಓದುವವರಿಗೇನು ಪ್ರಯೋಜನ? 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ರಚನೆಯನ್ನು ಲೋಕಕ್ಕೆ ತಿಳಿಸಿದ ಲೇಖನ ಪತ್ರಿಕೆಯಲ್ಲಿ ಒಂದು ಪುಟಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದು ಮೊದಲ ವಾಕ್ಯದಿಂದಲೇ 'ನಾವು' ಎಂದು ಮಾತಾಡುತ್ತದೆ. ಜೀವಶಾಸ್ತ್ರದ ದಿಕ್ಕನ್ನೇ ಬದಲಿಸಿದವರಿಗೆ 'ನಾವು' ಎನ್ನಲು ಸಂಕೋಚವಾಗದಿದ್ದರೆ, ಹನ್ನೆರಡು ಹಳ್ಳಿ ತಿರುಗಿದವಳಿಗೆ 'ನಾನು' ಎನ್ನಲು ಸಂಕೋಚವೇಕೆ?

ವಿಚಿತ್ರವೆಂದರೆ, ಈ ಕರ್ಮಣಿ ಪ್ರಯೋಗದ ಗೋಜಲು ಕನ್ನಡದ ಸ್ವಭಾವವೇ ಅಲ್ಲ. ನಮ್ಮ ಆಡುಮಾತಿನಲ್ಲಿ ಅದು ತೀರ ಅಪರೂಪ. 'ಅನ್ನ ಮಾಡಲ್ಪಟ್ಟಿತು' ಎಂದು ಯಾವ ಮನೆಯಲ್ಲಿ ಹೇಳುತ್ತಾರೆ? ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಮಾಡಿದವರನ್ನು ಕಟ್ಟಿಕೊಂಡು ಬರುತ್ತದೆ. 'ಕಂಡೆ' ಎಂದರೆ ಸಾಕು, ಕಂಡದ್ದು ನಾನು. 'ಕಂಡಳು' ಎಂದರೆ ಅವಳು. 'ನಾನು' ಎಂಬ ಪದವನ್ನು ಬಿಟ್ಟು ಮಾತಾಡಿದರೂ ಹೊಣೆ ಕಳಚಿಕೊಳ್ಳುವಂತಿಲ್ಲ.

ಅಷ್ಟೇ ಅಲ್ಲ. ಎಷ್ಟು ಗೊತ್ತು, ಹೇಗೆ ಗೊತ್ತು ಎಂಬುದನ್ನು ಹೇಳಲು ನಮ್ಮ ಮಾತಿನಲ್ಲಿ ಎಂಥ ನವಿರಾದ ಮೆಟ್ಟಿಲುಗಳಿವೆ! 'ಮಳೆ ಬಂತು' ಎನ್ನುವವಳು ನೆನೆದುಕೊಂಡು ಮನೆಗೆ ಬಂದಿದ್ದಾಳೆ. 'ಮಳೆ ಬಂತಂತೆ' ಎನ್ನುವವಳು ಹೊಸದುರ್ಗದ ಬಸ್ಸಿನಿಂದಿಳಿದವರ ಬಾಯಲ್ಲಿ ಕೇಳಿದ್ದಾಳೆ. 'ಮಳೆ ಬಂದಿರಬೇಕು' ಎನ್ನುವವಳು ಅಂಗಳ ಒದ್ದೆಯಾಗಿರುವುದನ್ನು ನೋಡಿದ್ದಾಳೆ. 'ಮಳೆ ಬಂದಿರಬಹುದು' ಎನ್ನುವವಳು ದೂರದ ಮೋಡ ನೋಡಿ ಊಹಿಸುತ್ತಿದ್ದಾಳೆ. ಪ್ರತ್ಯಕ್ಷ, ಕೇಳಿದ್ದು, ಅನುಮಾನ, ಊಹೆ – ನಾಲ್ಕೂ ಬೇರೆಬೇರೆ ಎಂಬುದನ್ನು ಅಕ್ಷರ ಕಲಿಯದ ನಮ್ಮ ಅಜ್ಜಿಯಂದಿರು ದಿನಕ್ಕೆ ನೂರು ಸಲ ಎತ್ತಿ ತೋರಿಸುತ್ತಿದ್ದರು. ವಿಶ್ವವಿದ್ಯಾನಿಲಯದ ಗದ್ಯಕ್ಕೆ ಬಂದಾಗ ಈ ನಾಲ್ಕೂ 'ಎನ್ನಬಹುದಾಗಿದೆ' ಎಂಬ ಒಂದೇ ಪಾತ್ರೆಯಲ್ಲಿ ಬಿದ್ದು ಕಲಸಿಹೋಗುತ್ತವೆ. ಕಣ್ಣಾರೆ ಕಂಡದ್ದೂ ಎನ್ನಬಹುದಾಗಿದೆ, ಕನಸಿನಲ್ಲಿ ಕಂಡದ್ದೂ ಎನ್ನಬಹುದಾಗಿದೆ.

ನಮ್ಮ ದುರ್ಗದ ಓಬವ್ವನನ್ನೇ ತೆಗೆದುಕೊಳ್ಳಿ. 1972ರ 'ನಾಗರಹಾವು' ಚಿತ್ರದಿಂದ ಅವಳು ನಾಡಿನ ಮನೆಮನೆಗೂ ಹೋದಳು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದ ಎಂಬುದು ದಾಖಲೆಯಲ್ಲಿರುವ ಸಂಗತಿ. ಅದಕ್ಕೂ ಮೊದಲಿನ ಒಂದು ಮುತ್ತಿಗೆಯಲ್ಲಿ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಹೆಂಗಸಿನ ಕಥೆ ಮುಖ್ಯವಾಗಿ ಜನರ ಬಾಯಿಂದ ಬಾಯಿಗೆ ಬಂದದ್ದು. ಮೊದಲನೆಯದಕ್ಕೆ 'ಗೆದ್ದ' ಎನ್ನಬೇಕು. ಎರಡನೆಯದಕ್ಕೆ 'ನಿಂತಳಂತೆ' ಎನ್ನಬೇಕು. ಹಾಗೆಂದರೆ ಓಬವ್ವನಿಗೆ ಅಗೌರವವೆಂದು ಕೆಲವರು ಹೆದರುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಇನ್ನೂರೈವತ್ತು ವರ್ಷಗಳ ಕಾಲ ಒಬ್ಬ ಕಾವಲುಗಾರನ ಹೆಂಡತಿಯನ್ನು ಜನ ತಮ್ಮ ನೆನಪಿನಲ್ಲೇ ಕಾಪಾಡಿಕೊಂಡು ಬಂದರು ಎಂಬುದು ಸಣ್ಣ ವಿಷಯವೇ? ಹೆಣ್ಣಿನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಲು ದೊರೆಗಳು ಮರೆತ ಕಡೆ ಜನ ಅದನ್ನು ನಾಲಿಗೆಯ ಮೇಲೆ ಉಳಿಸಿಕೊಂಡರು. ಆ 'ಅಂತೆ'ಯಲ್ಲಿ ಅಷ್ಟು ತಲೆಮಾರುಗಳ ಸಾಕ್ಷಿ ಇದೆ. ಅದನ್ನು ಅಳಿಸಿ 'ಓಬವ್ವ ಶತ್ರುಗಳನ್ನು ಸಂಹರಿಸಿರುವುದು ಇತಿಹಾಸದಲ್ಲಿ ಕಂಡುಬರುತ್ತದೆ' ಎಂದು ಬರೆಯುವವರು ಇತಿಹಾಸಕ್ಕೂ ಅನ್ಯಾಯ ಮಾಡುತ್ತಾರೆ, ಆ ಜನರಿಗೂ ಅನ್ಯಾಯ ಮಾಡುತ್ತಾರೆ.

ಸ್ಪಷ್ಟವಾದ ವಿದ್ವತ್ತಿನ ದನಿಗೆ ಮಾದರಿ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಕಲ್ಲುಮಣ್ಣನ್ನು ಕುರಿತು ಬರೆದವರಲ್ಲೇ ಇದೆ. ಬಿ. ಎಲ್. ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದ. ಆಮೇಲೆ ಆತ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೊಂದನೆಯ ಸಂಪುಟ ನಮ್ಮ ಜಿಲ್ಲೆಯದು. ಹೊಳಲ್ಕೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಆ ಸಂಪುಟಗಳ ಏರ್ಪಾಡನ್ನು ಗಮನಿಸಿ. ಶಾಸನದ ಮೂಲಪಾಠ ಒಂದು ಕಡೆ, ಅದರ ಲಿಪ್ಯಂತರ ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ, ರೈಸನ ಸ್ವಂತ ಅಭಿಪ್ರಾಯ ಮುನ್ನುಡಿಯಲ್ಲಿ. ಕಲ್ಲು ಹೇಳಿದ್ದು ಯಾವುದು, ರೈಸ್ ಹೇಳಿದ್ದು ಯಾವುದು ಎಂದು ಮಗುವೂ ಬೇರ್ಪಡಿಸಬಹುದು. ಆತನ ಓದಿನಲ್ಲಿ, ಅನುವಾದದಲ್ಲಿ ಮುಂದಿನವರು ಬೇಕಾದಷ್ಟು ತಪ್ಪು ಹುಡುಕಿದ್ದಾರೆ. ಹುಡುಕಲು ಸಾಧ್ಯವಾದದ್ದೇ ಆತ ಎಲ್ಲವನ್ನೂ ಬೇರೆಬೇರೆಯಾಗಿ ಇಟ್ಟುಹೋದದ್ದರಿಂದ. ಅಕ್ಕಿ ಬೇಳೆಗಳನ್ನು ಬೇರೆಬೇರೆ ಡಬ್ಬಿಯಲ್ಲಿಟ್ಟ ಮನೆಯಲ್ಲಿ ಯಾರು ಬಂದರೂ ಅಡಿಗೆ ಮಾಡಬಹುದು, ಹಾಗೆ.

ಎರಡನೆಯ ಉದಾಹರಣೆ ಚಂದ್ರವಳ್ಳಿಯದು. ಚಿತ್ರದುರ್ಗದ ಬೆಟ್ಟದ ಪಕ್ಕದ ಆ ಕಣಿವೆಗೆ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋದವರೇ. ಅಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಚಿಕ್ಕದೊಂದು ಪ್ರಾಕೃತ ಶಾಸನವಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅದನ್ನು ಓದಿ ಪ್ರಕಟಿಸಿದರು. ಮಯೂರಶರ್ಮ ಕೆರೆ ಕಟ್ಟಿಸಿದ್ದರ ಜೊತೆಗೆ ತ್ರೈಕೂಟ, ಅಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಪುನ್ನಾಟ, ಮೌಖರಿ ಮೊದಲಾದ ಹೆಸರುಗಳನ್ನೂ ಅವರು ಅಲ್ಲಿ ಕಂಡರು. ಅದು ನಿಜವಾದರೆ ಮಯೂರಶರ್ಮನ ಪ್ರತಾಪ ಉತ್ತರ ಭಾರತದವರೆಗೂ ಹರಡಿತ್ತೆಂದಾಗುತ್ತದೆ. ಮುಂದಿನ ವಿದ್ವಾಂಸರು, ನಮ್ಮ ಜಿಲ್ಲೆಯವರೂ ಸೇರಿದಂತೆ, ಆ ಸವೆದ ಅಕ್ಷರಗಳ ಮುಂದೆ ಮತ್ತೆ ಕುಳಿತು ಈ ಹೆಸರುಗಳನ್ನು ಪ್ರಶ್ನಿಸಿದರು. ಕೆರೆಯ ವಿಷಯ ಗಟ್ಟಿಯಾಗಿ ಉಳಿಯಿತು, ದಿಗ್ವಿಜಯದ ವಿಷಯ ಅನುಮಾನಕ್ಕೆ ಬಿತ್ತು.

ನನಗೆ ಇಲ್ಲಿ ಮೆಚ್ಚುಗೆಯಾಗುವುದು ಕೃಷ್ಣ ಅವರು ಅಕ್ಷರ ಅಕ್ಷರವಾಗಿ ತಮ್ಮ ಓದನ್ನು ಮುಂದಿಟ್ಟ ರೀತಿ. 'ಮಯೂರಶರ್ಮನು ಅನೇಕ ರಾಜರನ್ನು ಜಯಿಸಿದಂತೆ ತೋರುತ್ತದೆ' ಎಂದಷ್ಟೇ ಬರೆದಿದ್ದರೆ ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ, ಸಂಶಯವೂ ಏಳುತ್ತಿರಲಿಲ್ಲ. ಆ ದಿಗ್ವಿಜಯ ಇಂದಿಗೂ ಪಠ್ಯಪುಸ್ತಕದಲ್ಲಿ ಸುಖವಾಗಿ ಕೂತಿರುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯಿದೆಯಲ್ಲ, ಪ್ರಮಾಣಿಸಿ ನೋಡಲು ಎದುರಿನವರಿಗೆ ಎಡೆಮಾಡಿಕೊಡುವುದೇ ವಿದ್ವತ್ತಿನ ಮರ್ಯಾದೆ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು. 1947ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದ. ಅದರ ವರದಿ ಇಲಾಖೆಯ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಬಂತು. ವೀಲರನ ತರ್ಕ ಮನೆಯ ಲೆಕ್ಕದಷ್ಟು ನೇರ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಆತ ಅಗೆದಾಗ ರೋಮಿನಿಂದ ಬಂದ ಮಡಕೆಗಳ ಜೊತೆಗೆ, ಸಾಲುಸಾಲಾಗಿ ಚುಕ್ಕೆಯೊತ್ತಿದ ಒಂದು ಬಗೆಯ ತಟ್ಟೆಗಳು ಸಿಕ್ಕಿದ್ದವು. ರೋಮಿನ ಮಡಕೆಗಳ ಕಾಲ ಗೊತ್ತು, ಕ್ರಿ.ಶ. ಒಂದನೆಯ ಶತಮಾನ. ಆದ್ದರಿಂದ ಈ ಚುಕ್ಕೆ ತಟ್ಟೆಗಳದ್ದೂ ಸುಮಾರು ಅದೇ ಕಾಲ. ಅಂಥದೇ ತಟ್ಟೆಗಳು ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿದವು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಹಾಗಾಗಿ ಆ ಪದರ ಒಂದನೆಯ ಶತಮಾನದ್ದು. ಅದರ ಕೆಳಗಿನ ಪದರ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ, ಕಬ್ಬಿಣ ಬಲ್ಲ ಜನರದ್ದು. ಅದಕ್ಕೂ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನರದ್ದು. ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಒಂದೊಂದೇ ಮೆಟ್ಟಿಲು ಇಳಿದ ವೀಲರ್ ಕೊನೆಗೆ ಕಾಲವನ್ನೂ ಗುರುತಿಸಿದ: ಶಿಲಾಗೋರಿಗಳ ಸಂಸ್ಕೃತಿ ಕ್ರಿ.ಪೂ. 200ರ ಹೊತ್ತಿಗೆ ಶುರುವಾಯಿತು, ಕಲ್ಲುಕೊಡಲಿಯ ಸಂಸ್ಕೃತಿ ಅದಕ್ಕೆ ಮುಂಚಿನ ಕೆಲವು ಶತಮಾನಗಳದ್ದು, ಬಹಳವೆಂದರೆ ಕ್ರಿ.ಪೂ. ಒಂದನೆಯ ಸಹಸ್ರಮಾನದ ಮೊದಲ ಭಾಗಕ್ಕೆ ಹೋಗುತ್ತದೆ.

ಈ ಕಾಲನಿರ್ಣಯದ ಕೆಳಗಿನ ಮೆಟ್ಟಿಲುಗಳು ಉಳಿಯಲಿಲ್ಲ. ಇಂಗಾಲದಿಂದ ಕಾಲ ಅಳೆಯುವ ವಿಧಾನವನ್ನು ಅಮೆರಿಕದ ಲಿಬ್ಬಿ ಮತ್ತು ಸಂಗಡಿಗರು 1949ರಲ್ಲಿ ಪ್ರಕಟಿಸಿದರು. ಆಮೇಲೆ ಉಟ್ನೂರು, ತೆಕ್ಕಲಕೋಟೆ, ಹಿರೇಕೆರೂರು ತಾಲ್ಲೂಕಿನ ಹಳ್ಳೂರು ಮೊದಲಾದ ನೆಲೆಗಳ ಇದ್ದಿಲನ್ನು ಪರೀಕ್ಷಿಸಿದಾಗ, ದಕ್ಷಿಣದ ಕಲ್ಲುಕೊಡಲಿಯ ಜನ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೇ ಹೋದರು. ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ವೀಲರನ ಲೆಕ್ಕ ಶಿಲಾಗೋರಿಗಳಲ್ಲಿ ಎಂಟು ನೂರು ವರ್ಷ, ಕಲ್ಲುಕೊಡಲಿಗಳಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತು.

ಆದರೂ ಆ ವರದಿಯನ್ನು ಯಾರೂ ಗುಜರಿಗೆ ಹಾಕಲಿಲ್ಲ. ಪದರಗಳ ಅನುಕ್ರಮ ಇಂದಿಗೂ ನಿಂತಿದೆ. ತಪ್ಪು ಯಾವ ಮೆಟ್ಟಿಲಿನಲ್ಲಿ ಆಯಿತೆಂದು ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು: ಮೇಲಿನ ಪದರದ ಕಾಲ ಗೊತ್ತಾದ ಮೇಲೆ ಕೆಳಗಿನ ಪದರಗಳು ಎಷ್ಟು ಕಾಲ ಬಾಳಿದವೆಂಬುದನ್ನು ಮಣ್ಣಿನ ದಪ್ಪ ನೋಡಿ ಅಂದಾಜು ಮಾಡಿದ್ದರಲ್ಲಿ. ವೀಲರನ ಗದ್ಯಕ್ಕೆ ನಾಟಕೀಯತೆಯ ಚಟವಿದೆ, ತನ್ನ ಬಗ್ಗೆ ಅತಿಯಾದ ಭರವಸೆಯೂ ಇದೆ. ಹಾಗಿದ್ದೂ ಅದು ವಿದ್ವತ್ತಿನ ಗದ್ಯ, ಏಕೆಂದರೆ ಆತನ ತಪ್ಪನ್ನು ತಿದ್ದಲು ಬೇಕಾದ ಸಾಮಗ್ರಿಯೆಲ್ಲ ಆತನ ಪುಟಗಳಲ್ಲೇ ಇತ್ತು. 'ಬ್ರಹ್ಮಗಿರಿಯು ಅತ್ಯಂತ ಪ್ರಾಚೀನವಾದುದೆಂದು ಕಂಡುಬರುತ್ತದೆ' ಎಂದಿದ್ದರೆ ಅದು ಎಂದೆಂದಿಗೂ ತಪ್ಪಾಗುತ್ತಿರಲಿಲ್ಲ. ಯಾರಿಗೂ ಎಂದೆಂದಿಗೂ ಉಪಯೋಗಕ್ಕೂ ಬರುತ್ತಿರಲಿಲ್ಲ.

ಇವೆಲ್ಲ ಇಂಗ್ಲಿಷಿನ ಮಾತಾಯಿತು, ಕನ್ನಡದಲ್ಲಿ ಸಾಧ್ಯವೇ ಎನ್ನುವವರಿಗೆ ಡಾ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು ತೋರಿಸಬೇಕು. ಅವರು ನಮ್ಮ ನೆರೆಯ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರು. ಪಿಎಚ್.ಡಿ.ಗೆಂದು ಬರೆದ ಆ ಪ್ರಬಂಧ 1966ರಲ್ಲಿ ಪುಸ್ತಕವಾಯಿತು. ಕ್ರಿ.ಶ. 450ರಿಂದ 1150ರವರೆಗೆ ಎಂದು ಮೊದಲೇ ಎಲ್ಲೆ ಹಾಕಿಕೊಂಡು, ಆ ಎಲ್ಲೆಯೊಳಗೆ ಧರ್ಮ, ವಿದ್ಯೆ, ಆಡಳಿತ, ವೀರಗಲ್ಲು, ಮಾಸ್ತಿಕಲ್ಲು ಎಲ್ಲವನ್ನೂ ಅದು ನೋಡುತ್ತದೆ. ಇಂಥ ಶಾಸನ ಹೀಗೆ ಹೇಳುತ್ತದೆ, ಆದ್ದರಿಂದ ಇಷ್ಟು ತಿಳಿಯಬಹುದು ಎಂಬುದು ಅದರ ನಡಿಗೆ. ಅವರ ಮುಂದಿನ ದಿನಗಳ ಸಾರ್ವಜನಿಕ ನಿಲುವುಗಳನ್ನು ಒಪ್ಪದವರು ಬಹಳ ಜನ ಇದ್ದಾರೆ. ಆದರೆ ಅವರೂ ಈ ಪುಸ್ತಕವನ್ನು ಕೈಬಿಟ್ಟು ಶಾಸನಗಳ ಬಗ್ಗೆ ಬರೆಯಲಾರರು.

ಮಾಸ್ತಿಕಲ್ಲಿನ ಮಾತು ಬಂತು. ನಮ್ಮ ಸೀಮೆಯ ಊರುಗಳ ಹೊರಗೂ ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿ ಕೆತ್ತಿದ ಈ ಕಲ್ಲುಗಳು ನಿಂತಿವೆ. ಇವುಗಳ ಬಗೆಗಿನ ಪ್ರಬಂಧಗಳಲ್ಲಿ 'ಸತಿ ಪದ್ಧತಿಯು ಆಚರಣೆಯಲ್ಲಿದ್ದುದು ಕಂಡುಬರುತ್ತದೆ' ಎಂಬ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಓದಿದಾಗಲೆಲ್ಲ ಕೇಳಬೇಕೆನಿಸುತ್ತದೆ: ಆಚರಿಸಿದವರು ಯಾರು? ಬೆಂಕಿಗೆ ಬಿದ್ದವಳು ಒಬ್ಬಳು, ಬೀಳು ಎಂದವರು ಎಷ್ಟು ಜನ, ಬೇಡ ಎಂದವರು ಯಾರು, ಕಲ್ಲು ನಿಲ್ಲಿಸಿದವರು ಯಾರು? ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ದೇಕಬ್ಬೆ ಎಂಬವಳ ಗಂಡನನ್ನು ದೊರೆಯ ಆಜ್ಞೆಯಿಂದ ಕೊಂದರು. ಸುದ್ದಿ ತಿಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ಹೆತ್ತವರು ಬೇಡವೆಂದು ತಡೆದರು. ಅವಳು ಕೇಳಲಿಲ್ಲ. ಆ ಕಲ್ಲನ್ನು ಬರೆದ ಕವಿ ಅವಳನ್ನು ಹೊಗಳುವ ಭರದಲ್ಲೂ ತಡೆದವರ ಮಾತನ್ನು ಬಿಡಲಿಲ್ಲ. ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲಿ ಇಷ್ಟು ಜನ ಮಾತಾಡುತ್ತಿರುವಾಗ, ನಮ್ಮ ಕಾಲದ ಪ್ರಬಂಧ ಎಲ್ಲರ ಬಾಯನ್ನೂ ಒಂದು 'ಕಂಡುಬರುತ್ತದೆ'ಯಿಂದ ಮುಚ್ಚಿಬಿಡುತ್ತದೆ. ಹೆಣ್ಣಿಗೆ ಆದದ್ದನ್ನು ಹೇಳುವಾಗ ಮಾಡಿದವರನ್ನು ಮರೆಸುವ ವಾಕ್ಯರಚನೆ ಮುಗ್ಧವಾದದ್ದೆಂದು ನನಗೆ ಅನಿಸುವುದಿಲ್ಲ.

ಇತಿಹಾಸವನ್ನು ಬಿಟ್ಟು ಇವತ್ತಿಗೆ ಬರೋಣ. ಮನೆಮನೆಗೆ ಬಂದು ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡು ಹೋಗುವ ಸಮೀಕ್ಷೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಫಲಿತಾಂಶವನ್ನು ಎರಡು ರೀತಿ ಹೇಳಬಹುದು. ಒಂದು: 'ಮಹಿಳೆಯರಲ್ಲಿ ರಕ್ತಹೀನತೆಯ ಪ್ರಮಾಣವು ಗಣನೀಯವಾಗಿರುವುದು ಕಂಡುಬಂದಿದೆ.' ಇನ್ನೊಂದು: 'ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆಯಿದೆ. 2015-16ರಲ್ಲಿ 53 ಮಂದಿಗಿತ್ತು. ರಕ್ತವನ್ನು ಬೆರಳ ತುದಿಯಿಂದ ತೆಗೆದು ಅಳೆದರು. ಬಸುರಿಯಲ್ಲದವರಲ್ಲಿ ಹಿಮೊಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ಎಣಿಸಿದರು.' ಮೊದಲನೆಯದನ್ನು ಓದಿ ಪಾಪ ಎನ್ನಬಹುದು, ಅಷ್ಟೇ. ಎರಡನೆಯದನ್ನು ಓದಿದವಳು ತನ್ನ ಮಗಳ ರಕ್ತಪರೀಕ್ಷೆಯ ಚೀಟಿ ತೆಗೆದು ಹನ್ನೆರಡರ ಮೇಲಿದೆಯೋ ಕೆಳಗಿದೆಯೋ ನೋಡುತ್ತಾಳೆ.

ಎರಡನೆಯದರಲ್ಲಿ ಇನ್ನೊಂದು ಲಾಭವೂ ಇದೆ. ಬೆರಳ ತುದಿಯ ರಕ್ತದಿಂದ ಅಳೆದರೆ ಲೆಕ್ಕ ಏರುಪೇರಾಗುತ್ತದೆ, ತೋಳಿನ ನರದಿಂದ ತೆಗೆದು ಅಳೆಯಬೇಕು ಎಂದು ಕೆಲವು ತಜ್ಞರು ತಕರಾರು ತೆಗೆದರು. ಆ ತಕರಾರು ಸಾಧ್ಯವಾದದ್ದು ಹೇಗೆ ಅಳೆದೆವೆಂದು ಸಮೀಕ್ಷೆಯವರು ಬರೆದಿಟ್ಟದ್ದರಿಂದ. ಗಣನೀಯ ಎಂಬ ಪದದ ಮೇಲೆ ಯಾರು ತಕರಾರು ತೆಗೆಯಬಲ್ಲರು?

ಸ್ಪಷ್ಟವಾಗಿ ಬರೆಯುವುದೆಂದರೆ ಸುಲಭವಾದದ್ದನ್ನಷ್ಟೇ ಬರೆಯುವುದಲ್ಲ. ಪಾರಿಭಾಷಿಕ ಪದಗಳು ಬೇಕು. ವೈದ್ಯರಿಗೆ ಹಿಮೊಗ್ಲೋಬಿನ್ ಬೇಕು, ಶಾಸನಜ್ಞರಿಗೆ ಲಿಪಿಶಾಸ್ತ್ರ ಬೇಕು. ಬಡಗಿಗೆ ಉಳಿಯಿದ್ದಂತೆ ಅವು ಅವರವರ ಉಪಕರಣ. ನನ್ನ ಆಕ್ಷೇಪ ಉಪಕರಣದ ಮೇಲಲ್ಲ, ಮುಸುಕಿನ ಮೇಲೆ. 'ಸಾಂಸ್ಕೃತಿಕ ಅನನ್ಯತೆಯ ನೆಲೆಯಲ್ಲಿ ಅಸ್ಮಿತೆಯ ಸಂಕಥನ' ಎಂದು ಬರೆದವರನ್ನು ಹಾಗೆಂದರೇನು ಎಂದು ಕೇಳಿ ನೋಡಿ. ಒಂದು ನಿಮಿಷ ಯೋಚಿಸಿ ಸರಳವಾಗಿ ಹೇಳಿದರೆ ಅದು ಉಪಕರಣ. ಇನ್ನೂ ನಾಲ್ಕು ಅಂಥವೇ ಪದಗಳನ್ನು ಮುಂದಿಟ್ಟರೆ ಅದು ಮುಸುಕು.

ಈ ಮುಸುಕಿನ ಹಿಂದೆ ಭಯವೂ ಇದೆ, ಅದನ್ನು ನಾವು ಅರ್ಥಮಾಡಿಕೊಳ್ಳಬೇಕು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ತನ್ನ ಸ್ವಂತ ಮಾತು ಸಾಲದೆಂಬ ಅಳುಕಿರುತ್ತದೆ. ಮದುವೆಮನೆಗೆ ಎರವಲು ಒಡವೆ ಹಾಕಿಕೊಂಡು ಹೋದಂತೆ ಅವಳು ದೊಡ್ಡದೊಡ್ಡ ಪದಗಳನ್ನು ತೊಟ್ಟುಕೊಳ್ಳುತ್ತಾಳೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮದಂತೆ, ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇಕಡ 10ನ್ನು ಮೀರಿದರೆ ಕ್ರಮ ಎದುರಿಸಬೇಕು. ಅದನ್ನು ಕಂಡುಹಿಡಿಯಲು ಯಂತ್ರವಿದೆ. ಕದ್ದ ವಾಕ್ಯವನ್ನು ಹಿಡಿಯುವ ಆ ಯಂತ್ರಕ್ಕೆ ಅರ್ಥವಿಲ್ಲದ ವಾಕ್ಯವನ್ನು ಹಿಡಿಯಲು ಬರುವುದಿಲ್ಲ. ಆ ಕೆಲಸ ಮನುಷ್ಯರೇ ಮಾಡಬೇಕು. ಗುರುಗಳು ಮಾಡಬೇಕು, ಅವರು ಮಾಡದಿದ್ದರೆ ಮನೆಯವರು ಮಾಡಬೇಕು.

ಹಾಗಾಗಿ ಪ್ರಬಂಧ ಬರೆಯುತ್ತಿರುವ ತಂಗಿಯರಿಗೆ ಒಂದು ಸಲಹೆ. ಒಂದು ಅಧ್ಯಾಯ ಮುಗಿದ ಕೂಡಲೇ ಅದರ ಫಲಿತಾಂಶವನ್ನು ಐದು ವಾಕ್ಯದಲ್ಲಿ ನಿಮ್ಮ ಅಮ್ಮನಿಗೋ ಅತ್ತೆಗೋ ಬಾಯಲ್ಲಿ ಹೇಳಿ. ಏನು ಹುಡುಕಿದೆ, ಎಲ್ಲಿ ಹುಡುಕಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ, ಇದರಿಂದ ಏನು ತಿಳಿದೆ ಎಂದು. ಹೇಳುವಾಗ ನಿಮ್ಮ ಬಾಯಿಂದ 'ಅಂತೆ' ಬಂದರೆ ಆ ಸಂಗತಿಗೆ ಆಕರ ಹುಡುಕಬೇಕೆಂದು ತಿಳಿಯಿರಿ. 'ಇರಬೇಕು' ಬಂದರೆ ಕಾರಣ ಬರೆಯಿರಿ. 'ಇರಬಹುದು' ಬಂದರೆ ಹಾಗೆಯೇ ಇರಲಿ, ಅದನ್ನು 'ಇದೆ' ಎಂದು ತಿದ್ದಬೇಡಿ.

ಪ್ರಬಂಧ ಬರೆಯದ ನಮ್ಮಂಥವರಿಗೂ ಒಂದು ಕೆಲಸವಿದೆ. ಪಟ್ಟಿ ಹಿಡಿದೋ ಮೊಬೈಲು ಹಿಡಿದೋ ಪ್ರಶ್ನೆ ಕೇಳಲು ಬಂದವರಿಗೆ ನೀರು ಕೊಡುತ್ತೇವೆ, ಕೂರಿಸುತ್ತೇವೆ, ಕೇಳಿದ್ದನ್ನೆಲ್ಲ ಹೇಳಿ ಕಳಿಸುತ್ತೇವೆ. ಆಮೇಲೆ ಏನಾಯಿತೆಂದು ಕೇಳುವುದಿಲ್ಲ. ಇನ್ನು ಮುಂದೆ ಕೇಳೋಣ. ಎಷ್ಟು ಮನೆಗೆ ಹೋದಿರಿ, ಏನು ತಿಳಿಯಿತು, ಅದನ್ನು ಎಲ್ಲಿ ಬರೆಯುತ್ತೀರಿ, ಬರೆದ ಮೇಲೆ ಒಂದು ಪುಟ ನಮಗೂ ಕಳಿಸುತ್ತೀರಾ ಎಂದು. ಆ ಪುಟ ನಮಗೆ ಅರ್ಥವಾಗುವಂತಿರಬೇಕು. ಓದಿ 'ಹೌದು, ನಾನು ಹೇಳಿದ್ದು ಇದೇ' ಎನ್ನಲೂ ಆಗಬೇಕು, 'ಅಲ್ಲ ಕಣವ್ವ, ನಾನು ಹಾಗಂದಿರಲಿಲ್ಲ' ಎನ್ನಲೂ ಆಗಬೇಕು.